ಜ್ವರದ ಹುಳುಗಳ ಮುಂದೆ ನನ್ನ ರೋಬೋಟು

ದೊಡ್ಡಬಳ್ಳಾಪುರದಾಚೆಗಿರುವ ನಮ್ಮ ಎಂಜಿನಿಯರಿಂಗ್ ಕಾಲೇಜಿಗೆ ಕಂಪನಿಯೊಂದರ ಸಂಶೋಧನಾ ಅನುದಾನ ಬಂದ ದಿನ ವಿಭಾಗದ ಮುಖ್ಯಸ್ಥರು ಕಾರಿಡಾರಿನಲ್ಲೇ ಮೈಸೂರುಪಾಕು ಹಂಚಿದರು. ಅನುದಾನವೆಂದರೆ ಚೆಕ್ಕಲ್ಲ. ಲಕ್ಷಾಂತರ ಲೆಕ್ಕಗಳನ್ನು ಒಟ್ಟೊಟ್ಟಿಗೆ ಮಾಡಿ ಮುಗಿಸುವ ಜಿಪಿಯು ಕಾರ್ಡುಗಳಿದ್ದ ಒಂದು ಕಂಪ್ಯೂಟರ್, ಅದು ಹೇಳಿದಂತೆ ಆಡುವ ಒಂದು ರೋಬೋಟ್ ತೋಳು. ಎರಡೂ ಒಂದು ವರ್ಷಕ್ಕೆ ಮಾತ್ರ ನಮ್ಮವು. ಕೆಲಸ ಮೆಚ್ಚಿಗೆಯಾದರೆ ಇನ್ನೊಂದು ವರ್ಷ ಬಿಡುತ್ತಾರೆ, ಇಲ್ಲದಿದ್ದರೆ ಕಟ್ಟಿಕೊಂಡು ಹೋಗುತ್ತಾರೆ.

ಅರ್ಜಿ ಬರೆದವಳು ನಾನು. ನೆಲಮಂಗಲ, ಹೊಸಕೋಟೆ ಕಡೆ ಎಲ್ಲಿ ನೋಡಿದರೂ ಗೋದಾಮುಗಳೇ ಎದ್ದಿವೆ, ಡಬ್ಬ ಎತ್ತುವ ರೋಬೋಟು ಅಂತ ಬರೀರಿ ಎಂದು ಸಹೋದ್ಯೋಗಿಗಳು ನನ್ನ ತಲೆ ತಿಂದಿದ್ದರು. ನಾನು ರೇಷ್ಮೆಹುಳು ಎಂದೆ. ನಕ್ಕರು. ನಗಲಿ. ತೂಬಗೆರೆ ಹತ್ತಿರದ ನಮ್ಮ ಮನೆಯಲ್ಲಿ ಅಣ್ಣ, ಅತ್ತಿಗೆ ಈಗಲೂ ಹುಳು ಸಾಕುತ್ತಾರೆ. ಹುಳು ಹಣ್ಣಾಯಿತೆಂದರೆ, ಅಂದರೆ ತಿನ್ನುವುದನ್ನು ನಿಲ್ಲಿಸಿ ಗೂಡು ಕಟ್ಟಲು ಸಿದ್ಧವಾಯಿತೆಂದರೆ, ಒಂದೊಂದನ್ನೇ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡಮಾಡಿದರೆ ಅದು ಸೊಪ್ಪಿನ ಕಸದಲ್ಲೇ ನೂಲು ಬಿಟ್ಟುಕೊಳ್ಳುತ್ತದೆ. ಆ ದಿನಗಳಲ್ಲಿ ಅತ್ತಿಗೆಗೆ ಊಟವಿಲ್ಲ, ನಿದ್ದೆಯಿಲ್ಲ, ಬಗ್ಗಿದ ಸೊಂಟ ನೆಟ್ಟಗಾಗುವುದಿಲ್ಲ. ಆ ಆರಿಸುವ ಕೆಲಸವನ್ನು ಯಂತ್ರ ಮಾಡಲಿ ಎಂಬುದು ನನ್ನ ಹಠ.

ತೋಳನ್ನು ನಮ್ಮ ಮನೆಯ ಹುಳುಮನೆಯಲ್ಲೇ ಇಟ್ಟೆವು. ಮೊದಲ ಬೆಳೆಯಲ್ಲಿ ನಮ್ಮ ಯಂತ್ರ ಅನಾಹುತ ಮಾಡಿತು. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಇರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹಣ್ಣಾದ ಹುಳುವೂ ಮೇವು ಬಿಟ್ಟು ತಲೆಯೆತ್ತುತ್ತದೆ. ಕಂಪ್ಯೂಟರಿಗೆ ಕಲಿಸಲು ಸಾವಿರಾರು ಚಿತ್ರಗಳಿಗೆ ಗುರುತು ಹಾಕುವಾಗ ನನ್ನ ವಿದ್ಯಾರ್ಥಿಗಳು ತಲೆಯೆತ್ತಿದ್ದನ್ನೆಲ್ಲ ಹಣ್ಣು ಎಂದುಬಿಟ್ಟಿದ್ದರು. ಜ್ವರದಲ್ಲಿರುವ ಹುಳುವನ್ನು ಅಲುಗಾಡಿಸಿದರೆ ಪೊರೆ ಸಿಕ್ಕಿಕೊಂಡು ಸಾಯುತ್ತದೆ. ಹುಳು ಸಾಕುವ ಒಂದು ತಟ್ಟೆಯಷ್ಟು ಸತ್ತವು. ಅತ್ತಿಗೆ ಅವನ್ನು ಬಾಚಿ ಮೊರಕ್ಕೆ ಹಾಕುತ್ತಾ, "ಜ್ವರ ಬಂದು ಮಲಗಿರೋರ್ನ ಎಬ್ಬಿಸ್ಕೊಂಡೋಗಿ ಹಸೆಮಣೆ ಮೇಲೆ ಕೂರಿಸ್ತದಲ್ಲಮ್ಮ ನಿನ್ ಮಿಷಿನ್ನು" ಎಂದರು.

ಅಲ್ಲಿಂದ ಮುಂದಿನ ಬೆಳೆಗಳೆಲ್ಲ ಆ ವ್ಯತ್ಯಾಸ ಕಲಿಸುವುದರಲ್ಲೇ ಹೋದವು. ಹಣ್ಣಾದ ಹುಳುವಿನ ಮೈಯಲ್ಲಿ ಬೆಳಕು ಹಾಯುತ್ತದೆ, ಜ್ವರದ ಹುಳುವಿನ ಮೈ ಬಿಗಿದುಕೊಂಡು ಮಂಕಾಗಿರುತ್ತದೆ. ಮತ್ತೆ ಚಿತ್ರ, ಮತ್ತೆ ಗುರುತು, ಮತ್ತೆ ಕಲಿಕೆ. ಆ ಕಾರ್ಡುಗಳಿಲ್ಲದಿದ್ದರೆ ನನ್ನ ತಲೆ ನರೆಯುವವರೆಗೂ ಅದು ಮುಗಿಯುತ್ತಿರಲಿಲ್ಲ. ಕಂಪನಿಯ ಉಪಕಾರವನ್ನು ನಾನು ಇಲ್ಲವೆನ್ನುವುದಿಲ್ಲ.

ವರ್ಷದ ಕೊನೆಗೆ ಪರಿಶೀಲನೆಯ ದಿನ ಗೊತ್ತಾಯಿತು. ಆ ಸಲ ಚಳಿ ಹೆಚ್ಚು, ಮರಿಹುಳು ಮನೆಗೆ ಬಂದಿದ್ದೇ ತಡವಾಗಿ. ಕಂಪನಿಯವರು ಬರುವ ದಿನ ನಮ್ಮ ಹುಳು ನಾಲ್ಕನೇ, ಅಂದರೆ ಕೊನೆಯ, ಜ್ವರದಲ್ಲಿರುತ್ತವೆ, ಹಣ್ಣಾಗಲು ಇನ್ನೂ ವಾರದ ಮೇಲಾಗುತ್ತದೆ. ದಿನ ಮುಂದಕ್ಕೆ ಹಾಕಿ ಎಂದು ಕೇಳಿಕೊಂಡೆ. ಆಗುವುದಿಲ್ಲ ಎಂದರು.

ಮುಖ್ಯಸ್ಥರು ನನ್ನನ್ನು ಕರೆಸಿ ಬಾಗಿಲು ಹಾಕಿದರು. "ನೋಡಮ್ಮಾ, ಮೊದಲ್ನೇ ಸಲದ ಪ್ರೋಗ್ರಾಮೇ ಹಾಕ್ಬಿಡು. ತಲೆ ಎತ್ಕೊಂಡಿರೋದನ್ನೆಲ್ಲ ಎತ್ತುತ್ತೆ. ನೋಡೋಕೆ ಚೆನ್ನಾಗಿರುತ್ತೆ. ಅವ್ರಿಗೇನ್ ಗೊತ್ತಾಗುತ್ತೆ, ಜ್ವರಾನೋ ಹಣ್ಣೋ ಅಂತ?"

"ಹುಳ ಸಾಯುತ್ತೆ ಸಾರ್."

"ಒಂದೆರಡು ತಟ್ಟೆ ತಾನೇ? ಇಲ್ದಿದ್ರೆ ಮಿಷಿನ್ನೇ ಹೋಗುತ್ತೆ."

"ಹೋದ್ರೆ ಹೋಗ್ಲಿ" ಎಂದು ಎದ್ದು ಬಂದೆ. ಹೇಳಿದ್ದು ಜೋರಾಗಿಯೇ. ಆದರೆ ಬಸ್ ಸ್ಟಾಪಿನಲ್ಲಿ ನಿಂತು ಉಳಿದ ದಿನಗಳನ್ನು ಬೆರಳಲ್ಲಿ ಎಣಿಸಿದೆ. ಆ ಯಂತ್ರ ಹೋದರೆ ನನ್ನ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು.

ಮನೆಯಲ್ಲಿ ಊಟಕ್ಕೆ ಕೂತು ಅತ್ತಿಗೆಗೆ ವಿಷಯ ಹೇಳಿದೆ. "ನಿನ್ ಕೆಲ್ಸಕ್ಕೆ ತೊಂದ್ರೆ ಆಗೋದಾದ್ರೆ ಎರಡು ತಟ್ಟೆ ತಗೊಳಮ್ಮ. ಹೋದ್ರೆ ಹೋಯ್ತು" ಎಂದರು. ಮುಖ್ಯಸ್ಥರ ಮೇಲೆ ಬರದಷ್ಟು ಸಿಟ್ಟು ನನಗೆ ಆಗ ಬಂತು. "ನಿಮ್ಮಿಂದ ಕಿತ್ಕೊಂಡು ಅವ್ರಿಗೆ ತೋರ್ಸೋದಾದ್ರೆ ನಾನ್ಯಾಕ್ ಈ ಮಿಷಿನ್ ಮಾಡ್ಬೇಕಿತ್ತು ಅತ್ತಿಗೆ?" ಎಂದು ಕೂಗಾಡಿದೆ. ಅವರು ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದರು.

ಕಂಪನಿಯ ಮೂವರು ಮುಖ್ಯಸ್ಥರ ಜೊತೆ ನಮ್ಮ ಮನೆಗೇ ಬಂದರು. ಜ್ವರ ಬಿಡುವವರೆಗೆ ಹೊರಗಿನವರು ಹುಳುಮನೆಯೊಳಗೆ ಕಾಲಿಡುವಂತಿಲ್ಲ, ಜಾಲರಿ ಕಿಟಕಿಯಾಚೆ ನಿಲ್ಲಿಸಿದೆ. ಮುಖ್ಯಸ್ಥರು ನನ್ನ ಮುಖ ನೋಡುತ್ತಲೇ ಇದ್ದರು. ನಾನು ನನ್ನ ಫೋನಿನಲ್ಲಿ ವಿಡಿಯೋ ಶುರುಮಾಡಿ ಹೊಸ ಪ್ರೋಗ್ರಾಮನ್ನೇ ಓಡಿಸಿದೆ. ತೋಳು ಮೊದಲ ತಟ್ಟೆಯ ಮೇಲೆ ಬಂತು, ನಿಂತಿತು, ಕ್ಯಾಮೆರಾ ಒಂದೊಂದೇ ಹುಳುವನ್ನು ನೋಡಿತು. ಎತ್ತಲಿಲ್ಲ. ಎರಡನೆಯ ತಟ್ಟೆಗೆ ಹೋಯಿತು. ಅಲ್ಲಿಯೂ ಎತ್ತಲಿಲ್ಲ.

"ಮೇಡಂ, ಏನಾದ್ರೂ ಪ್ರಾಬ್ಲಮ್ಮಾ?" ಎಂದು ಅವರಲ್ಲಿ ಹಿರಿಯರು ಕೇಳಿದರು.

"ಇಲ್ಲ ಸಾರ್, ಕೆಲ್ಸ ಮಾಡ್ತಿದೆ. ಇವತ್ತು ಇದು ಒಂದನ್ನೂ ಮುಟ್ಟಬಾರದು. ಮುಟ್ಟಿದ್ರೆ ತಪ್ಪು." ಜ್ವರವೆಂದರೇನು, ಹಣ್ಣೆಂದರೇನು, ಮೊದಲ ಬೆಳೆಯಲ್ಲಿ ಏನಾಯಿತು, ಎಲ್ಲವನ್ನೂ ಹೇಳಿದೆ. ಅವರು ತಲೆಯಾಡಿಸಿದರು. ಆಮೇಲೆ ಫೋನು ತೆಗೆದರು.

"ಅರ್ಥ ಆಯ್ತು ಮೇಡಂ. ಫೋಟೋಗೆ ಒಂದೇ ಒಂದು ಎತ್ತಿಸ್ಬಿಡಿ. ಖಾಲಿ ಕೈ ಫೋಟೋ ಇಟ್ಕೊಂಡು ನಾನ್ ಏನ್ ತೋರಿಸ್ಲಿ?"

ಮುಖ್ಯಸ್ಥರು ಕೆಮ್ಮಿದರು. ಅತ್ತಿಗೆ ಬಾಗಿಲಲ್ಲಿ ಸೆರಗು ಬಿಗಿಹಿಡಿದು ನಿಂತಿದ್ದರು.

"ಒಂದೂ ಎತ್ತಲ್ಲ ಸಾರ್" ಎಂದೆ.

ಎರಡನೆಯ ವರ್ಷ ಸಿಗಲಿಲ್ಲ. ಅವರು ಹೋಗಿ ವಾರ ಕಳೆದ ಮೇಲೆ ಹುಳು ಹಣ್ಣಾದವು. ಅದೇ ತೋಳು ಅದೇ ತಟ್ಟೆಗಳಿಂದ ಅವನ್ನು ಮೆತ್ತಗೆ ಎತ್ತಿ ಚಂದ್ರಿಕೆಗೆ ಬಿಟ್ಟಿತು, ಅತ್ತಿಗೆ ಹೊಸ್ತಿಲ ಮೇಲೆ ಕೂತು ಕಾಫಿ ಕುಡಿದರು. ಅದರ ವಿಡಿಯೋ ಮಾಡಿ ಕಂಪನಿಗೆ ಕಳಿಸಿದೆ. ತೀರ್ಮಾನ ಆಗಿಹೋಗಿದೆ ಎಂದು ಉತ್ತರ ಬಂತು. ತಿಂಗಳ ಕೊನೆಗೆ ವ್ಯಾನು ಬಂದು ಕಂಪ್ಯೂಟರ್, ತೋಳು ಎರಡನ್ನೂ ಒಯ್ದಿತು. ಅವತ್ತು ಪ್ರಯೋಗಾಲಯದಲ್ಲಿ ಕೂತು ಅತ್ತೆ, ಅದರಲ್ಲಿ ಮುಚ್ಚುಮರೆ ಏನಿಲ್ಲ.

ಈಗ ಬೇರೆ ಕಂಪನಿಗೆ ಅರ್ಜಿ ಹಾಕುತ್ತಿದ್ದೇನೆ. ಯಂತ್ರದ ಸಾಧನೆ ತೋರಿಸುವ ಒಂದೇ ಒಂದು ವಿಡಿಯೋ ಸೇರಿಸಿ ಎಂದು ಕೇಳಿದ್ದಾರೆ. ಹಣ್ಣು ಹುಳು ಎತ್ತಿದ್ದನ್ನೇ ಹಾಕು ಎಂದು ಮುಖ್ಯಸ್ಥರು ಮತ್ತೆ ಮತ್ತೆ ಹೇಳಿ ಕಳಿಸಿದರು. ತೋಳು ತಟ್ಟೆಯಿಂದ ತಟ್ಟೆಗೆ ಹೋಗಿ ಒಂದು ಹುಳುವನ್ನೂ ಮುಟ್ಟದೆ ವಾಪಸಾದ ವಿಡಿಯೋವನ್ನೇ ಹಾಕಿದ್ದೇನೆ.