ಯಾರೂ ಬಿಚ್ಚದ ಬಿಸ್ಕತ್ತಿನ ಪೊಟ್ಟಣ

ಗೌರಿ ಹಬ್ಬದ ಮರುದಿನ ನನ್ನ ಹೆಂಡತಿ ತನಗೆ ಬಂದ ಬಾಗಿನದ ಮೊರಗಳನ್ನು ತೆರೆಯುತ್ತಿದ್ದಳು. ಒಂದೊಂದು ಮೊರದಿಂದಲೂ ನಾನು ಬರೆದ ಚಿತ್ರವೇ ಹೊರಬರುತ್ತಿತ್ತು.

ಹಳದಿ ಕಾಗದ, ಕೆಂಪು ಅಂಚು, ನಡುವೆ ಕಳಶ. ಮದ್ದೂರಿನ ನಂಜಪ್ಪನ ಬಿಸ್ಕತ್ತಿನ ಪೊಟ್ಟಣ.

ನಾನು ಮಂಡ್ಯದ ಒಂದು ಪ್ರೆಸ್ಸಿನಲ್ಲಿ ಲೇಬಲ್ ಬರೆಯುವವನು. ನಂಜಪ್ಪ ಬೆಂಗಳೂರಿನ ಬೇಕರಿಯಲ್ಲಿ ಕೆಲಸ ಕಲಿತು, ಊರಿಗೆ ಬಂದು, ಸ್ಟೇಷನ್ ಹತ್ತಿರ ಒಲೆ ಕಟ್ಟಿದ್ದ. ಬಿಸ್ಕತ್ತು ಓಡದಿದ್ದರೆ ಹಳೆಯ ಯಜಮಾನರ ಹತ್ತಿರವೇ ವಾಪಸು ಹೋಗಬೇಕಿತ್ತು. ಹಬ್ಬದವರೆಗೆ ಅವನ ಜಾಗ ಖಾಲಿ ಇಡುತ್ತೇವೆ ಎಂದಿದ್ದರಂತೆ.

ಮೊದಲು ಬೂದು ಕಾಗದದಲ್ಲಿ ಕಟ್ಟಿ ಸಂತೆಗೆ ಒಯ್ದಿದ್ದ. ಒಬ್ಬಾಕೆ ಮೂಸಿ ನೋಡಿ, "ಬಟ್ಟೆ ಒಗ್ಯೋ ಸೋಪಾ ಇದು?" ಅಂದಳಂತೆ. ಪಕ್ಕದವಳು, "ಮೊಟ್ಟೆ ಹಾಕವ್ನೆ ಕಣಮ್ಮ, ಮುಟ್ಬ್ಯಾಡ" ಅಂದಳಂತೆ.

ಮೊಟ್ಟೆ ಹಾಕಿರಲಿಲ್ಲ. ಓದು ಬಾರದವರಿಗೂ ಅದು ತಿಳಿಯಲಿ ಅಂತಲೇ ನಾನು ಕಳಶ ಬರೆದದ್ದು.

ಶ್ರಾವಣ ಮುಗಿಯುವಷ್ಟರಲ್ಲಿ ಪೊಟ್ಟಣ ಮಳವಳ್ಳಿಯವರೆಗೂ ಹೋಯಿತು. ಲೇಬಲ್ಲನ್ನು ಎರಡನೆಯ ಸಲ ಅಚ್ಚು ಹಾಕಿದೆವು. ನಂಜಪ್ಪ ಬೆಂಗಳೂರಿಗೆ, ಇನ್ನು ಬರುವುದಿಲ್ಲ ಎಂದು ಕಾಗದ ಹಾಕಿಸಿದ. ಬರೆದುಕೊಟ್ಟವನೂ ನಾನೇ.

ಹಬ್ಬದ ಮರುದಿನ ಅಂಥ ಐದು ಪೊಟ್ಟಣ ನನ್ನ ಮುಂದಿದ್ದವು. ಒಂದೊಂದರ ಮೇಲೂ ಮೂರು ನಾಲ್ಕು ಕೈಗಳ ಅರಿಶಿನದ ಬೆರಳಿನ ಗುರುತು...

ಒಂದನ್ನೂ ಯಾರೂ ಬಿಚ್ಚಿರಲಿಲ್ಲ.

"ಕಳಶ ಇದ್ದ ಮೇಲೆ ಬಾಗಿನಕ್ಕೇ ಅಲ್ವೇನ್ರೀ?" ಎಂದಳು ಹೆಂಡತಿ. "ರವಿಕೆ ಕಣದ ಹಾಗೆ, ಬಂದದ್ದನ್ನ ಇನ್ನೊಬ್ಬರಿಗೆ ಕೊಡೋದು. ನಾನೂ ನಾಕು ಮನೆಗೆ ಕೊಟ್ಟೆ. ಅದನ್ನ ತಿಂತಾರಾ?"

ಒಂದನ್ನು ಹರಿದೆ. ಮಳೆಗಾಲದ ತೇವಕ್ಕೆ ಬಿಸ್ಕತ್ತು ಮೆತ್ತಗಾಗಿತ್ತು. ಮುರಿದರೆ ಸದ್ದೇ ಇಲ್ಲ.

ಮಾರನೆಯ ಬೆಳಗಿನ ರೈಲಿಗೆ ಮದ್ದೂರಿಗೆ ಹೋದೆ. ನಂಜಪ್ಪ ಎರಡನೆಯ ಒಲೆಗೆ ಇಟ್ಟಿಗೆ ಇಡುತ್ತಿದ್ದ. ಕೈ ತುಂಬಾ ಮಣ್ಣು. ಹೇಗೆ ಶುರು ಮಾಡಬೇಕೋ ತಿಳಿಯದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಅಂಗಾದ್ರೆ ಒಬ್ರೂ ತಿಂದಿಲ್ವಾ?"

ಹರಿದಿದ್ದ ಪೊಟ್ಟಣವನ್ನು ಚೀಲದಿಂದ ತೆಗೆದು ಅವನ ಮುಂದೆ ಹಿಡಿದೆ.

"ನನಗಿಂತ ನನ್ನ ಬಿಸ್ಕತ್ತೇ ಜಾಸ್ತಿ ಊರು ಸುತ್ತವೆ ಬುಡಿ ಸ್ವಾಮಿ" ಎಂದು ನಗಲು ನೋಡಿದ. ಆಗಲಿಲ್ಲ.

ಬೆಂಗಳೂರಿಗೆ ಇನ್ನೊಂದು ಕಾಗದ ಬರೆಯಲೇ ಎಂದು ಕೇಳಿದೆ.

"ಬ್ಯಾಡಿ. ಆ ಜಾಗಕ್ಕೆ ಬ್ಯಾರೆಯೋನು ಬಂದಾಯ್ತು." ಕೈಯಲ್ಲಿದ್ದ ಇಟ್ಟಿಗೆಯನ್ನು ಕೆಳಗಿಟ್ಟ. "ಕೈ ಮುಗಿಯೋ ಅಂಗೆ ಬರ್ದಿದ್ರಿ. ಈಗ ಕಿತ್ತು ತಿನ್ನೋ ಅಂಗೆ ಬರ್ಕೊಡಿ. ದಸರಾ ಒಳಗೆ ಆಗ್ಬೇಕು, ಬಾಗಿನದ ಕಾಲ ಮುಗೀತು, ತಿನ್ನೋರು ಕೊಳ್ದೆ ಹೋದ್ರೆ ಆಮೇಲೆ ನನ್ ಕೈಲಿ ಒಲೆ ಉರಿಸಾಕಾಗಲ್ಲ."

ಮೂರು ದಿನದಿಂದ ಖಾಲಿ ಹಾಳೆಯ ಮುಂದೆ ಕೂತಿದ್ದೇನೆ. ಹೂವು ಬರೆದೆ, ಅಳಿಸಿದೆ. ನವಿಲು ಬರೆದೆ, ಅದನ್ನೂ ಯಾರಾದರೂ ಜೋಪಾನ ಮಾಡಿ ಇಟ್ಟುಕೊಂಡಾರು ಅನ್ನಿಸಿತು. ಅಳಿಸಿದೆ.

ನೋಡಿದ ಕೂಡಲೇ ಹರಿದುಬಿಡಬೇಕು ಅನ್ನಿಸುವ ಕಾಗದ ಹೇಗಿರುತ್ತದೆ, ನಿಮಗೇನಾದರೂ ಗೊತ್ತೇ?