ಬಾವಿಯ ಮೇಲಿನ ಗೀಜಗನ ಗೂಡುಗಳು

ನಿಂಬೆ ಹೂವಿನ ವಾಸನೆ ಎಲ್ಲಿ ಬಂದರೂ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಮೊನ್ನೆ ಇಂಡಿ ಪಟ್ಟಣದ ಓಣಿಯೊಂದರಲ್ಲಿ ಯಾರದೋ ಹಿತ್ತಲಿನಿಂದ ಅದು ತೇಲಿ ಬಂತು. ಹಲಸಂಗಿಯ ದಾರಿಯಲ್ಲಿದ್ದ ನಮ್ಮ ತೋಟದ ಮನೆ, ಈಗ ಗೋಡೆಯ ಗುರುತೂ ಉಳಿಯದ ಆ ಮನೆ, ಕಣ್ಣೆದುರು ಎದ್ದು ನಿಂತಿತು. ಮಳೆ ಹಿಂದೆ ಸರಿದು ಬಿಸಿಲು ಮೆತ್ತಗಾಗುವ ಕಾಲಕ್ಕೆ ಅಲ್ಲಿ ನಿಂಬೆಗಿಡಗಳೆಲ್ಲ ಹೂ ಬಿಡುತ್ತಿದ್ದವು. ಹೊತ್ತು ಮುಳುಗುತ್ತಲೇ ಬೂದುಬಣ್ಣದ ದೊಡ್ಡ ಪತಂಗಗಳು ಬಂದು, ಹೂವಿನ ಮೇಲೆ ಕೂಡದೆ, ಗಾಳಿಯಲ್ಲೇ ನಿಂತು, ನೂಲಿನಂಥ ಸೊಂಡಿಲು ಚಾಚಿ ಜೇನು ಹೀರುತ್ತಿದ್ದವು. ಅಪ್ಪನ ತಾಯಿ, ನಮ್ಮ ಆಯಿ, ಕಟ್ಟೆಯ ಮೇಲೆ ನನ್ನನ್ನು ಪಕ್ಕಕ್ಕೆಳೆದುಕೊಂಡು, “ಹಗಲ ಪಾಳಿ ಹಕ್ಕೀದು, ಸಂಜಿ ಪಾಳಿ ಇವುಗಳದು. ಸುಮ್ನ ಕೂತು ನೋಡವಾ,” ಎನ್ನುತ್ತಿದ್ದಳು.

ಹಗಲ ಪಾಳಿಯವು ಗೀಜಗ. ಬಾವಿಯ ಮೇಲೆ ಬಾಗಿದ ಜಾಲಿಮರದ ತುಂಬ ಅವುಗಳ ಗೂಡುಗಳು ತೂಗುತ್ತಿದ್ದವು. ಒಂದು ವರ್ಷ ಮೋಟರಿನ ತಂತಿ ಅದರ ಕೊಂಬೆಗೆ ತಾಗಿ ಕಿಡಿ ಹಾರಿತು. ತೋಟ ನೋಡಿಕೊಳ್ಳುತ್ತಿದ್ದ ಅಪ್ಪನ ತಮ್ಮ, ನಮ್ಮ ಕಾಕಾ, ಕೊಡಲಿ ತಂದ. ಆಯಿ ಮರದ ಬುಡಕ್ಕೆ ಹೋಗಿ ನಿಂತಳು.

“ಮರಿ ಹಾರೂತನಕ ಕೊಡಲಿ ಹಚ್ಚಬ್ಯಾಡ.”

“ಅವ್ವಾ, ಮೋಟರ್ ಚಾಲೂ ಮಾಡಿದ್ರ ಯಾರರೆ ಸಾಯ್ತಾರ. ಮಾಡ್ಲಿಲ್ಲಂದ್ರ ಹೊಸಾ ಸಸಿ ಒಣಗ್ತಾವು. ಏನ್ ಮಾಡ್ಲಿ?”

“ಮೋಟರ್ ಬಂದ್ ಇಡು. ನೀರು ನಾ ಹೊರ್ತೇನಿ.”

ಕಾಕಾ ಸಿಟ್ಟಿನಿಂದ ಕೊಡಲಿ ಒಗೆದು ಹೋದ. ಆಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾವಿಯ ಮೆಟ್ಟಿಲಿಳಿದಳು. ಮೊಣಕಾಲು ನೋವಿನ ಹೆಂಗಸು. ಗೋಡೆ ಹಿಡಿದು ಹಿಡಿದು ಇಳಿಯುತ್ತಿದ್ದಳು. ಅವಳ ಹಿಂದೆ ನನ್ನ ಅವ್ವ, ಅವ್ವನ ಹಿಂದೆ ಸಣ್ಣ ತಂಬಿಗೆ ಹಿಡಿದ ನಾನು. ಮರುದಿನ ಬೆಳಿಗ್ಗೆ ನೋಡಿದರೆ ಕಾಕಾ ಆಗಲೇ ಕೊಡ ಹೊತ್ತು ಮೇಲೆ ಬರುತ್ತಿದ್ದ. “ನೀ ಇಳೀಬ್ಯಾಡ,” ಎಂದಷ್ಟೇ ಅಂದ ಆಯಿಗೆ. ಅವಳು ಕೇಳಲಿಲ್ಲ.

ನೀರು ಹೊರುತ್ತಲೇ ನಾನು ಹಕ್ಕಿ ನೋಡುವುದನ್ನು ಕಲಿತೆ. ಹುಳ ಕಚ್ಚಿ ತಂದ ತಾಯಿ ಗೂಡಿನ ಕೊಳವೆಯೊಳಕ್ಕೆ ಕೆಳಗಿನಿಂದ ನುಗ್ಗುತ್ತಲೇ ಒಳಗೆ ಗದ್ದಲ ಏಳುತ್ತಿತ್ತು. ದಿನ ಕಳೆದಂತೆ ಗಂಡು ಹಕ್ಕಿಗಳ ನೆತ್ತಿಯ ಹಳದಿ ಮಾಸಿತು, ಗೂಡುಗಳ ಹಸಿರು ಒಣಗಿ ಕಂದಾಯಿತು, ಬದುವಿನ ಮೇಲೆ ಬಾಲ ಕುಣಿಸುವ ವಲಸೆ ಹಕ್ಕಿಗಳು ಬಂದಿಳಿದವು. ಒಂದು ಬೆಳಿಗ್ಗೆ ಜಾಲಿಮರ ಸದ್ದಿಲ್ಲದೆ ನಿಂತಿತ್ತು.

“ಈಗ ಕಡಿ,” ಎಂದಳು ಆಯಿ.

ಕಾಕಾ ಮರ ಹತ್ತಿ ಒಂದೊಂದೇ ಗೂಡಿಗೆ ಕಿವಿಗೊಟ್ಟ. ನಡುವೆಯೇ ಇಳಿದು ಬಂದ.

“ಅವ್ವಾ, ತುದೀಗೂಡಿನ್ಯಾಗ ಇನ್ನೂ ಮರಿ ಅದಾವು.”

ಕಾಕಾನೇ ಕೊಡಲಿಯನ್ನು ಗೋಡೆಗೆ ಒರಗಿಸಿ ಕೊಡ ಎತ್ತಿಕೊಂಡ.

ಕೊನೆಯ ಮರಿ ಹಾರಿದ ಮೇಲೆಯೇ ಆ ಮರ ಉರುಳಿದ್ದು. ಸಸಿಗಳು, ಕೆಲವನ್ನು ಬಿಟ್ಟರೆ, ಬದುಕಿದವು. ಮುಂದಿನ ಮಳೆಗೆ ಕಾಕಾ ತಂತಿಯಿಂದ ದೂರ, ಬಾವಿಯ ಆಚೆ ದಂಡೆಗೆ ಎರಡು ಜಾಲಿ ಸಸಿ ಹಚ್ಚಿದ. ಅವು ಬೆಳೆಯುವುದರೊಳಗೆ ಆಯಿ ಹೋದಳು. ಈಗ ಕಾಕಾನೂ ಇಲ್ಲ, ತೋಟ ಬೇರೆಯವರದಾಗಿದೆ. ಆ ಜಾಲಿಗಳಿಗೆ ಮೊದಲ ಸಲ ಗೀಜಗ ಬಂದು ಹುಲ್ಲಿನೆಳೆ ಕಟ್ಟಿದ ದಿನ ಕಾಕಾ ಅಲ್ಲೇ ನೋಡುತ್ತ ಕೂತು ಊಟಕ್ಕೂ ಬರಲಿಲ್ಲವಂತೆ. ಕರೆಯಲು ಹೋದ ಅತ್ತಿಗೆಗೆ, ನನ್ನ ಅವ್ವನಿಗೆ, “ತಡೀರಿ ವೈನಿ, ಅವ್ವ ಇದ್ದಿದ್ರ ಎದ್ದು ಬರ್ತಿದ್ದಳೇನ್ರಿ?” ಎಂದನಂತೆ. ಅವ್ವ ಬುತ್ತಿಯನ್ನು ಅಲ್ಲಿಗೇ ಒಯ್ದಳು.