ನಿಜಗುಣಪ್ಪ ಮಾಸ್ತರರು ಬರೆದ ಹೈಸ್ಕೂಲಿನ ಇತಿಹಾಸ

ನಿವೃತ್ತರಾದ ಮೇಲೆ ನಿಜಗುಣಪ್ಪ ಮಾಸ್ತರರು ತಮ್ಮನ್ನು ಇತಿಹಾಸಕಾರರೆಂದು ಕರೆದುಕೊಳ್ಳತೊಡಗಿದರು. ಅದಕ್ಕೂ ಮೊದಲು ಅವರು ರಾಮದುರ್ಗದ ಹಳೇಪೇಟೆ ಸರಕಾರಿ ಹೈಸ್ಕೂಲಿನಲ್ಲಿ ಬರೀ ಸಮಾಜ ವಿಷಯದ ಮಾಸ್ತರರಾಗಿದ್ದರು. ಈ ಬಡ್ತಿ ಕೊಟ್ಟವರು ಯಾರೆಂದು ಹೆಂಡತಿ ಸಾವಿತ್ರೆವ್ವ ಒಮ್ಮೆ ಕೇಳಿದ್ದಕ್ಕೆ ಅವರು ಎರಡು ಹೊತ್ತು ಮಾತು ಬಿಟ್ಟಿದ್ದರು.

ಹೀಗಿರುವಾಗ ಹೈಸ್ಕೂಲಿಗೆ ನೂರು ವರ್ಷ ತುಂಬಿತೆಂದು ಊರಲ್ಲಿ ಗದ್ದಲವೆದ್ದಿತು. ನಿಜವಾಗಿ ತುಂಬಿತ್ತೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಆದರೆ ಮಂತ್ರಿಗಳು ಬರಲು ಒಪ್ಪಿಬಿಟ್ಟಿದ್ದರು, ಹಾಗಾಗಿ ತುಂಬಲೇಬೇಕಾಗಿತ್ತು. ಉತ್ಸವ ಸಮಿತಿಯ ಅಧ್ಯಕ್ಷ ಮಹಾಂತಪ್ಪ. ಸಿಮೆಂಟು, ಕಬ್ಬಿಣದ ವ್ಯಾಪಾರಿ; ಮಾಸ್ತರರ ಕೈಯಲ್ಲೇ ಓದಿದವನು. ಒಂದು ಬೆಳಿಗ್ಗೆ ಮನೆಗೆ ಬಂದವನೇ ಶಾಲು ಹೊದಿಸಿ ಕಾಲಿಗೆರಗಿದ.

"ಸರ, ಸಾಲಿ ಇತಿಹಾಸ ನೀವ ಬರೀಬೇಕ್ರಿ. ನಿಮ್ಮನ್ನ ಬಿಟ್ರ ಊರಾಗ ಯಾರದಾರ?"

ಮಾಸ್ತರರು ಬೇಡ ಬೇಡವೆನ್ನುತ್ತಲೇ ಪೆನ್ನಿನ ಟೋಪಿ ತೆಗೆದಿದ್ದರು.

ಮರುದಿನದಿಂದ ಅವರು ಹೆಗಲಿಗೆ ಚೀಲ ಹಾಕಿಕೊಂಡು ಮನೆಮನೆ ತಿರುಗಿದರು. ಹೋದ ಮನೆಯಲ್ಲೆಲ್ಲ ಚಹಾ ಸಿಕ್ಕಿತು, ಚಹಾದ ಜೊತೆಗೆ ಒಬ್ಬೊಬ್ಬ ಸಂಸ್ಥಾಪಕನೂ ಸಿಕ್ಕಿದ. ಯಾರ ಅಜ್ಜನ ಬಗ್ಗೆ ಕೇಳಿದರೂ ಅವನು ಈ ಶಾಲೆಯನ್ನು ಸ್ಥಾಪಿಸಿಯೇ ತೀರಿಕೊಂಡಿದ್ದ. ರುಮಾಲು ಸುತ್ತಿದ ಒಂದೇ ಫೋಟೋವನ್ನು ಎರಡು ಮನೆತನದವರು ತಮ್ಮಜ್ಜನದೆಂದು ಹಟ ಹಿಡಿದಾಗ, ಮಾಸ್ತರರು ಅದನ್ನು ಪುಸ್ತಕದಲ್ಲಿ ಎರಡೂ ಅಜ್ಜಂದಿರ ಹೆಸರಿನಡಿ ಹಾಕಿಸಿ ಇಬ್ಬರನ್ನೂ ಸಮಾಧಾನಪಡಿಸಿದರು.

ಟಾಂಗಾ ನಡೆಸುತ್ತಿದ್ದ ಮನೆತನದ ಮುದುಕಿ ಖತಿಜಾಬಿ ಮಾತ್ರ ಯಾವ ಸಂಸ್ಥಾಪಕನನ್ನೂ ಕೊಡಲಿಲ್ಲ.

"ಕುದುರಿ ಲಾಯದಾಗ ಶುರು ಆಗಿದ್ದ್ರಿ ಮಾಸ್ತರ ಆ ಸಾಲಿ," ಎಂದಳು ಅಡಿಕೆ ಕತ್ತರಿಸುತ್ತ. "ನಮ್ಮ ಮಾವ ಹೇಳತಿದ್ದರು. ಮಳಿ ಬಂತಂದ್ರ ಕುದುರಿ ಒಳಗ, ಹುಡುಗ್ರು ಹೊರಗ."

ಸಮಿತಿಯ ಸಭೆಯಲ್ಲಿ ಇದನ್ನು ಓದಿದಾಗ ಮಹಾಂತಪ್ಪನ ಮುಖ ಹುಳ್ಳಗಾಯಿತು.

"ಲಾಯ ಗೀಯ ಬ್ಯಾಡ್ರಿ ಸರ, ಮಂತ್ರಿಗಳ ಮುಂದ ಮರ್ಯಾದಿ ಹೊಕ್ಕೈತಿ. ಅರಮನಿ ಅಂತ ಬರೀರಿ."

"ಇತಿಹಾಸದಾಗ ಸುಳ್ಳ ಬರೀಲಿಕ್ಕ ಬರೂದಿಲ್ಲಪಾ," ಎಂದರು ಮಾಸ್ತರರು ಗಂಭೀರವಾಗಿ. ಮನೆಗೆ ಬಂದು 'ಭವ್ಯ ಅಶ್ವಮಂದಿರದಲ್ಲಿ ವಿದ್ಯಾರಂಭವಾಯಿತು' ಎಂದು ಬರೆದರು. ಸತ್ಯವೂ ಉಳಿಯಿತು, ವಾಸನೆಯೂ ಹೋಯಿತು.

ನಿಜವಾದ ಪೇಚಿಗೆ ಬಿದ್ದದ್ದು 'ಕೀರ್ತಿ ತಂದ ವಿದ್ಯಾರ್ಥಿಗಳು' ಅಧ್ಯಾಯದಲ್ಲಿ. ಎಲ್ಲರಿಗಿಂತ ಮೇಲೆ ತನ್ನ ಹೆಸರು ಇರಬೇಕೆಂದು ಮಹಾಂತಪ್ಪ ಹೇಳಿ ಕಳಿಸಿದ್ದ. ಆದರೆ ಅವನು ಹತ್ತನೇ ತರಗತಿ ಪಾಸಾಗಿಯೇ ಇರಲಿಲ್ಲ. ವರ್ಷಗಟ್ಟಲೆ ಪರೀಕ್ಷೆಗೆ ಕಟ್ಟಿ ಕಟ್ಟಿ, ಕೊನೆಗೆ ಅದರ ಆಸೆ ಬಿಟ್ಟು ಸಿಮೆಂಟಿಗೆ ಇಳಿದಿದ್ದ. ಮಾಸ್ತರರು ಬಹಳ ಹೊತ್ತು ಪೆನ್ನು ಕಚ್ಚಿದರು. ಆಮೇಲೆ ಅವರ ಮೀಸೆಯಡಿ ಸಣ್ಣ ನಗು ಮೂಡಿತು. 'ಈ ಶಾಲೆಯ ಹತ್ತನೆಯ ತರಗತಿಯಲ್ಲಿ ಶ್ರೀ ಮಹಾಂತಪ್ಪನವರಷ್ಟು ದೀರ್ಘಕಾಲ ಅಧ್ಯಯನ ಮಾಡಿದವರು ಮತ್ತೊಬ್ಬರಿಲ್ಲ.'

ಕರಡು ಓದಿದ ಮಹಾಂತಪ್ಪನ ಕಣ್ಣುಗಳು ತೇವವಾದವು. ಆ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದ. ಉತ್ಸವದ ದಿನ ವೇದಿಕೆಯ ಮೇಲಿಂದ ಓದಿಸಿದ ಕೂಡ. ಕನ್ನಡ ಟೀಚರ್ ರಾಜೇಶ್ವರಿ ಅದನ್ನು ಸ್ಪಷ್ಟವಾಗಿ, ಒಂದೊಂದೇ ಪದ ಬಿಡಿಸಿ ಓದಿದರು. ಪೆಂಡಾಲಿನ ಹಿಂದಿನ ಸಾಲಿನಿಂದ ಎದ್ದ ನಗು ಮುಂದಿನ ಸೋಫಾಗಳವರೆಗೂ ಹಬ್ಬಿತು. ಏನೂ ತಿಳಿಯದ ಮಂತ್ರಿಗಳು ಚಪ್ಪಾಳೆ ತಟ್ಟಿದರು. ಮಹಾಂತಪ್ಪ ನಾಲ್ಕೂ ದಿಕ್ಕಿಗೆ ಕೈ ಮುಗಿದ. ಮಾಸ್ತರರು ಶಾಲಿನ ಅಂಚಿನಿಂದ ಬಾಯಿ ಮುಚ್ಚಿಕೊಂಡರು.

ಅರ್ಥವನ್ನು ಅವನಿಗೆ ಬಿಡಿಸಿ ಹೇಳುವ ಪುಣ್ಯಾತ್ಮರಿಗೆ ಊರಲ್ಲಿ ಬರವಿರಲಿಲ್ಲ. ಮರುದಿನ ಬೆಳಿಗ್ಗೆಯೇ ಅವನು ಪುಸ್ತಕ ಹಿಡಿದುಕೊಂಡು ಬಂದ. ಸಾವಿತ್ರೆವ್ವ ಇಟ್ಟ ಚಹಾ ಮುಟ್ಟಲಿಲ್ಲ. ಮಾಸ್ತರರು ಬೈಗುಳ ತಿನ್ನಲು ತಯಾರಾಗಿ ಕುಳಿತರು. ಅವನು ಬೈಯಲಿಲ್ಲ.

"ಸುಳ್ಳೇನ ಬರದಿಲ್ರಿ ನೀವು," ಎಂದ. "ಆದ್ರ ಅರ್ಧಾ ಬರದೀರಿ. ಕನ್ನಡ ಪಾಸಾದೆ, ಗಣಿತ ಪಾಸಾದೆ, ಇಂಗ್ಲೀಷ ಸುದ್ದಾ ಹೆಂಗೋ ದಾಟಿದೆ. ಪ್ರತಿ ಸಲ ನನ್ನ ಕೆಡವಿದ್ದು ಸಮಾಜ. ಅದನ್ನ ಕಲಿಸಿದವರು ಯಾರ್ರಿ ಸರ?"

ಮಾಸ್ತರರು ಕನ್ನಡಕ ಒರೆಸಿಕೊಂಡರು.

"ಕುರ್ಚಿದಾಗ ಕುಂತು, ಕಣ್ಣ ಮುಚ್ಚಿ, 'ಯುದ್ಧದ ಕಾರಣಗಳು' ಅಂತ ಬರಸ್ತಿದ್ರಿ. ಗಂಟಿ ಹೊಡದ್ರೂ ಕಾರಣ ಮುಗೀತಿರಲಿಲ್ಲ. ಮರುದಿನ ಮತ್ತ ಕಾರಣ. ಆ ಯುದ್ಧ ಯಾರ ಗೆದ್ರು ಅಂತ ನನಗ ಇವತ್ತಿಗೂ ಗೊತ್ತಿಲ್ರಿ. ಎರಡನೇ ಮುದ್ರಣ ನಾನ ಹಾಕಸ್ತೇನಿ. ನಾ ಅಷ್ಟ ವರ್ಷ ಯಾಕ ಅಧ್ಯಯನ ಮಾಡಿದೆ ಅನ್ನೂದನ್ನೂ ಬರದ ಕೊಡ್ರಿ."

ಅವನು ಹೋದ ಮೇಲೆ ಮಾಸ್ತರರು ಮಧ್ಯಾಹ್ನವಿಡೀ ಕುಳಿತು ಬರೆದರು, ಹೊಡೆದು ಹಾಕಿದರು, ಮತ್ತೆ ಬರೆದರು. ಸಂಜೆಯ ಹೊತ್ತಿಗೆ ಒಂದು ವಾಕ್ಯ ಕೈಗೆ ಬಂತು: 'ಆ ಕಾಲದಲ್ಲಿ ಸಮಾಜ ವಿಷಯದ ಪ್ರಶ್ನೆಪತ್ರಿಕೆಗಳು ಬಹಳ ಕಠಿಣವಾಗಿದ್ದವು.'

ಸಾವಿತ್ರೆವ್ವ ಓದಿ ನೋಡಿದಳು. "ಏನ್ರಿ, ಇದರಾಗ ಮಾಸ್ತರು ಎಲ್ಲ್ಯದಾರ?"

"ರಾಜರು, ದಾನಿಗಳು, ಮಂತ್ರಿಗಳು ಬರ್ತಾರ ಇತಿಹಾಸದಾಗ. ಮಾಸ್ತರು ಬರೂದಿಲ್ಲ," ಎಂದು ಹಾಳೆ ಕಸಿದುಕೊಂಡರು.

ಎರಡನೇ ಮುದ್ರಣ ಬಂತು. ಮಾಸ್ತರರ ವಾಕ್ಯದ ಒಂದಕ್ಷರವನ್ನೂ ಮಹಾಂತಪ್ಪ ಬದಲಿಸಿರಲಿಲ್ಲ. ಅದರ ಕೆಳಗೆ, ಅಷ್ಟೇ ದಪ್ಪ ಅಕ್ಷರದಲ್ಲಿ, ಒಂದು ಸಾಲು ಸೇರಿಸಿದ್ದ: 'ವಿಷಯ ಶಿಕ್ಷಕರು: ಈ ಗ್ರಂಥದ ಕರ್ತೃ ಶ್ರೀ ನಿಜಗುಣಪ್ಪನವರು.' ಅವನ ಅಂಗಡಿಯಲ್ಲಿ ಸಿಮೆಂಟು ಕೊಂಡವರಿಗೆ ಪುಸ್ತಕ ಪುಕ್ಕಟೆ.

ಮನೆ ಕಟ್ಟಿಸುತ್ತಿದ್ದ, ಮಾಸ್ತರರ ಅಣ್ಣನ ಮಗ ಗೌರೀಶ ಹಾಗೇ ಒಂದನ್ನು ತೆಗೆದುಕೊಂಡು ತನ್ನೂರು ಸಾಲಹಳ್ಳಿಗೆ ಹೋಗುವ ದಾರಿಯಲ್ಲಿ ಅವರ ಮನೆಗೆ ಬಂದ.

"ಕಾಕಾ, ನಿಮ್ಮ ಹೆಸರ ಒಳಗೂ ದಪ್ಪಗ ಹಾಕ್ಯಾರಲ್ರಿ!" ಎಂದು ಹಿಗ್ಗಿದ.

ಮಾಸ್ತರರು "ಹೂಂ" ಎಂದು ಪುಸ್ತಕವನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, ಸಿಮೆಂಟಿನ ದರ ಈಗ ಹೇಗಿದೆಯೆಂದು ವಿಚಾರಿಸಿದರು.